ಗಾಡಿಗೆ ಎರಡನೇ ಬ್ಯಾಟರಿ: ಕ್ಯಾಂಪರ್ ಲಾರಿ, ಸಂಚಾರಿ ಅಂಗಡಿ ಇಟ್ಟುಕೊಂಡವರು ತಿಳಿದಿರಬೇಕಾದ ಸಂಗತಿ

ಜಾತ್ರೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಅಂಗಡಿ ಮುಚ್ಚಿ ಪಿಕಪ್ ಗಾಡಿಯ ಕೀ ತಿರುಗಿಸಿದರೆ ‘ಟಕ್ ಟಕ್’ ಅನ್ನುವ ಸದ್ದು ಬಿಟ್ಟು ಬೇರೇನೂ ಇಲ್ಲ. ಸಂಜೆ ಆರರಿಂದ ಎಲ್‌ಇಡಿ ಪಟ್ಟಿ, ಫ್ಯಾನು, ಮೈಕಿನ ಆಂಪ್ಲಿಫೈಯರ್ ಎಲ್ಲವೂ ಗಾಡಿಯ ಬ್ಯಾಟರಿಯಿಂದಲೇ ಓಡಿವೆ. ಎಲ್ಲ ಸೇರಿ 180 ವ್ಯಾಟ್ ಅಂದುಕೊಂಡರೂ 12 ವೋಲ್ಟ್ ಲೆಕ್ಕದಲ್ಲಿ ಗಂಟೆಗೆ 15 ಆಂಪಿಯರ್. ಐದು ಗಂಟೆಗೆ 75. ಗಾಡಿಯಲ್ಲಿರುವುದೇ 80 ಆಂಪಿಯರ್-ಅವರ್ ಬ್ಯಾಟರಿ. ಇನ್ನು ಸ್ಟಾರ್ಟ್ ಆಗೋದು ಎಲ್ಲಿಂದ? ನಾಲ್ಕು ಜನ ಸೇರಿ ತಳ್ಳಬೇಕು, ಇಲ್ಲವೇ ಪಕ್ಕದ ಗಾಡಿಯವರನ್ನು ಎಬ್ಬಿಸಿ ಜಂಪರ್ ಕೇಬಲ್ ಕೇಳಬೇಕು.

ಜಾತ್ರೆ ಮೈದಾನದಲ್ಲಾದರೆ ತಳ್ಳಲು ಜನ ಸಿಗುತ್ತಾರೆ. ಲಾರಿ ಅಥವಾ ಟೆಂಪೊವನ್ನೇ ಮನೆಯ ಹಾಗೆ ಮಾಡಿಕೊಂಡು, ಒಳಗೆ ಹಾಸಿಗೆ, ಫ್ರಿಜ್, ನೀರಿನ ಪಂಪ್ ಇಟ್ಟುಕೊಂಡು ದೂರದ ಊರಿಗೆ ಹೊರಡುವವರಿಗೆ ಆ ಭಾಗ್ಯ ಇರೋದಿಲ್ಲ. (ನಮ್ಮ ಕಡೆ ಕ್ಯಾಂಪರ್ ಅಂದರೆ ಡಬಲ್ ಕ್ಯಾಬಿನ್ ಬೊಲೆರೊ ಪಿಕಪ್ಪೇ ಕಣ್ಣಮುಂದೆ ಬರುತ್ತದೆ. ಇಲ್ಲಿ ಹೇಳುತ್ತಿರುವುದು ಮಲಗಿ ಏಳುವ ವ್ಯವಸ್ಥೆ ಇರುವ ಗಾಡಿಯ ವಿಚಾರ.) ಘಟ್ಟದ ತಿರುವಿನಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಎಂಜಿನ್ ಬ್ಯಾಟರಿ ಖಾಲಿಯಾದರೆ ಅಲ್ಲೇ ರಾತ್ರಿ ಕಳೆಯಬೇಕು. ಅದಕ್ಕೇ ಇಂಥ ಗಾಡಿಗಳಲ್ಲಿ ಎಂಜಿನ್‌ಗೆ ಒಂದು ಬ್ಯಾಟರಿ, ಮನೆಗೆ ಒಂದು ಬ್ಯಾಟರಿ ಅಂತ ಬೇರೆ ಮಾಡುತ್ತಾರೆ. ಮನೆಯ ಬ್ಯಾಟರಿ ಪೂರ್ತಿ ಖಾಲಿಯಾದರೂ ಎಂಜಿನ್ ಬ್ಯಾಟರಿಯಿಂದ ಒಂದು ಹನಿ ಕರೆಂಟೂ ಹೋಗಿರಬಾರದು ಎನ್ನುವುದೇ ಈ ವ್ಯವಸ್ಥೆಯ ಮೂಲ ಉದ್ದೇಶ. ಆದರೆ ತರಾತುರಿಯಲ್ಲಿ ಜೋಡಿಸಿದ ಎರಡನೇ ಬ್ಯಾಟರಿ ಆಲ್ಟರ್ನೇಟರ್ ಸುಟ್ಟದ್ದೂ ಉಂಟು, ಗಾಡಿಯನ್ನೇ ಸುಟ್ಟದ್ದೂ ಉಂಟು.

ಲಾರಿಯಲ್ಲಿ ಮೊದಲೇ ಎರಡು ಇದೆಯಲ್ಲ?

ಈ ಪ್ರಶ್ನೆ ಲಾರಿ ಮಾಲೀಕರಿಂದ ಬಂದೇ ಬರುತ್ತದೆ. ದೊಡ್ಡ ಲಾರಿಗಳಲ್ಲಿರುವ ಎರಡು ಬ್ಯಾಟರಿ ಬೇರೆ ಲೆಕ್ಕ. ಅಲ್ಲಿ 12 ವೋಲ್ಟಿನ ಎರಡನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಎರಡೂ ಸೇರಿ ಒಂದೇ ಬ್ಯಾಟರಿ ಇದ್ದ ಹಾಗೆ, ಎರಡೂ ಎಂಜಿನ್ನಿನ ಪಾಲಿನದೇ. ಪಿಕಪ್, ಟೆಂಪೊ, ಸಣ್ಣ ಸರಕು ಗಾಡಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಒಂದೇ ಬ್ಯಾಟರಿ.

24 ವೋಲ್ಟ್ ಲಾರಿಗಳಲ್ಲಿ ನಡೆಯುವ ಒಂದು ತಪ್ಪನ್ನು ಇಲ್ಲೇ ಹೇಳಿಬಿಡಬೇಕು. ಮ್ಯೂಸಿಕ್ ಸಿಸ್ಟಂ, ಮೊಬೈಲ್ ಚಾರ್ಜರ್, ಫ್ಯಾನು ಇವೆಲ್ಲ 12 ವೋಲ್ಟಿನವು. ‘ಇದಕ್ಕೇನು ಮಹಾ’ ಅಂತ ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ ತಂತಿ ಎಳೆದು ಕೊಡುತ್ತಾರೆ. ಆ ಒಂದು ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತದೆ. ಆಲ್ಟರ್ನೇಟರ್‌ಗೆ ಇದು ಗೊತ್ತಾಗೋದಿಲ್ಲ. ಅದು ಎರಡೂ ಸೇರಿ ಸುಮಾರು 28 ವೋಲ್ಟ್ ಕೊಡುತ್ತದೆ, ತಲಾ 14 ಹಂಚಿಕೊಳ್ಳುತ್ತವೆ ಎನ್ನುವ ನಂಬಿಕೆಯಲ್ಲಿ. ಖಾಲಿಯಾದದ್ದು 14ಕ್ಕೆ ಏರುವುದಿಲ್ಲ, ಹಾಗಾಗಿ ಉಳಿದ ಭಾರವೆಲ್ಲ ತುಂಬಿರುವ ಬ್ಯಾಟರಿಯ ಮೇಲೆ ಬಿದ್ದು ಅದರ ನೀರು ಕುದಿಯುತ್ತದೆ. ಒಂದು ಹಸಿವಿನಿಂದ ಸಾಯುತ್ತದೆ, ಇನ್ನೊಂದು ಅಜೀರ್ಣದಿಂದ. ಅಂಗಡಿಗೆ ಹೋದಾಗ ‘ಒಂದು ವೀಕ್ ಆಗಿದೆ’ ಅಂತ ಅದನ್ನಷ್ಟೇ ಬದಲಾಯಿಸಿ ಕಳುಹಿಸಿದರೆ ಹಳೆಯದು ಹೊಸದರ ಜೋಡಿ ಮತ್ತೆ ಅದೇ ದಾರಿ ಹಿಡಿಯುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ, ಎರಡರ ತುದಿಯಿಂದ ಒಟ್ಟಿಗೆ ಕರೆಂಟ್ ತೆಗೆದುಕೊಳ್ಳುವುದೊಂದೇ ಇದಕ್ಕೆ ಸರಿಯಾದ ದಾರಿ. ಮನೆಯ ಬ್ಯಾಟರಿ 12 ವೋಲ್ಟಿನದಾದರೆ ಅದನ್ನು ಚಾರ್ಜ್ ಮಾಡಲೂ 24ರಿಂದ 12ರ ಚಾರ್ಜರೇ ಬೇಕು.

ಓಟದವನು, ಹೊರೆ ಹೊರುವವನು

ಎಂಜಿನ್ ಬ್ಯಾಟರಿಯೊಳಗೆ ತೆಳ್ಳಗಿನ ಸೀಸದ ಫಲಕಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಎರಡು ಮೂರು ಸೆಕೆಂಡು ನೂರಾರು ಆಂಪಿಯರ್ ಎಸೆದು ಸ್ಟಾರ್ಟರ್ ತಿರುಗಿಸುವುದು ಅದರ ಕೆಲಸ. ಕೂಡಲೇ ಆಲ್ಟರ್ನೇಟರ್ ಅದನ್ನು ತುಂಬಿಬಿಡುತ್ತದೆ. ಅದೇ ಬ್ಯಾಟರಿಯಿಂದ ರಾತ್ರಿಯಿಡೀ ನಿಧಾನವಾಗಿ ಕರೆಂಟ್ ಎಳೆದರೆ ಕೆಲವೇ ಹತ್ತು ಸಲದಲ್ಲಿ ಫಲಕ ಹಾಳು. ಮನೆಯ ಪಾಲಿಗೆ ಬೇಕಾದದ್ದು ಡೀಪ್ ಸೈಕಲ್ ಬ್ಯಾಟರಿ. ಫಲಕ ದಪ್ಪ, ಒಮ್ಮೆಲೇ ಎಸೆಯುವ ಶಕ್ತಿ ಕಡಿಮೆ, ತಾಳ್ಮೆ ಜಾಸ್ತಿ. ಗಾಡಿಯ ಹಳೆ ಬ್ಯಾಟರಿಯನ್ನೇ ‘ಹೇಗೂ ಬಿದ್ದಿದೆ’ ಅಂತ ಮನೆಯ ಕಡೆ ಹಾಕಿದರೆ ಫ್ರಿಜ್ ಎರಡು ರಾತ್ರಿ ಓಡಬಹುದು, ಮೂರನೆಯದು ಅನುಮಾನ.

ಎಷ್ಟು ದೊಡ್ಡದು ಬೇಕು ಎನ್ನುವುದಕ್ಕೆ ಅಂಗಡಿಯವರನ್ನು ಕೇಳುವ ಮುಂಚೆ ಒಂದು ಹಾಳೆಯಲ್ಲಿ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ವ್ಯಾಟ್‌ ಅನ್ನು ಓಡುವ ಗಂಟೆಯಿಂದ ಗುಣಿಸಿ, 12ರಿಂದ ಭಾಗಿಸಿದರೆ ಆಂಪಿಯರ್-ಅವರ್ ಸಿಗುತ್ತದೆ. ಉದಾಹರಣೆಗೆ 45 ವ್ಯಾಟಿನ 12 ವೋಲ್ಟ್ ಫ್ರಿಜ್ ದಿನದ ಮೂರನೇ ಒಂದು ಭಾಗ ಓಡಿದರೆ 8 ಗಂಟೆ, ಅಂದರೆ 30. ತಲಾ 15 ವ್ಯಾಟಿನ ಎರಡು ಫ್ಯಾನು ರಾತ್ರಿ 8 ಗಂಟೆಗೆ 20. ಮೂರು ಲೈಟು, ನಾಲ್ಕು ಮೊಬೈಲು, ಸ್ವಲ್ಪ ಹೊತ್ತು ಓಡುವ ನೀರಿನ ಪಂಪು ಎಲ್ಲ ಸೇರಿ ಇನ್ನೊಂದು 13. ಒಟ್ಟು ದಿನಕ್ಕೆ 63. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಫ್ರಿಜ್ ಅರ್ಧ ದಿನ ಓಡುವುದರಿಂದ ಅದು 78ಕ್ಕೆ ಏರುತ್ತದೆ.

ಹಾಗಂತ 80ರ ಬ್ಯಾಟರಿ ಸಾಲದು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಕರಗುತ್ತದೆ. ಆದ್ದರಿಂದ ಮೇಲಿನ ಲೆಕ್ಕಕ್ಕೆ 150 ಆಂಪಿಯರ್-ಅವರ್ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ ನೂರರಲ್ಲಿ 80ರಿಂದ 90 ಭಾಗ ಬಳಸಬಹುದು, 100ರದ್ದೇ ಸಾಕು.

ಮನೆಯ ಯುಪಿಎಸ್ ಬ್ಯಾಟರಿ ಹಾಕಬಹುದಾ?

ತಾಲ್ಲೂಕಿನ ಯಾವ ಬ್ಯಾಟರಿ ಅಂಗಡಿಯಲ್ಲೂ ಸಿಗುವುದು 150 ಆಂಪಿಯರ್-ಅವರ್ ಟ್ಯೂಬುಲರ್. ಗುಣದಲ್ಲಿ ಅದು ಡೀಪ್ ಸೈಕಲ್ಲೇ. ತಾಳಿಕೆಯೂ ಚೆನ್ನಾಗಿದೆ. ತೊಂದರೆ ಅದರ ಆಕಾರದಲ್ಲಿ. ಮೂಲೆಯಲ್ಲಿ ಅಲ್ಲಾಡದೆ ಕೂರಲೆಂದು ಮಾಡಿದ ಎತ್ತರದ ಡಬ್ಬ ಅದು. ಆಸಿಡ್ ತುಂಬಿದ ಮೇಲೆ 50 ಕೆಜಿ ಮೀರುತ್ತದೆ. ಘಟ್ಟದ ರಸ್ತೆಯಲ್ಲಿ ವಾಲಾಡಿದರೆ ಆಸಿಡ್ ಚೆಲ್ಲುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಸೇರಿದರೆ ಒಂದು ಕಿಡಿಗೇ ಸಿಡಿಯುವ ಸ್ಥಿತಿ. ಬಾಗಿಲು ಹಾಕಿಕೊಂಡು ಮಲಗುವ ಗಾಡಿಯೊಳಗೆ, ಅದೂ ಗ್ಯಾಸ್ ಒಲೆ ಇರುವ ಕಡೆ, ಇಂಥದ್ದನ್ನು ಇಡಲೇಬಾರದು. ಸೀಸವೇ ಬೇಕೆಂದರೆ ಮುಚ್ಚಿದ ಮಾದರಿಯ ಎಜಿಎಂ ಅಥವಾ ಜೆಲ್ ವಾಸಿ.

ಲಿಥಿಯಂ ದುಬಾರಿ ಎನ್ನುವುದು ನಿಜ. ಆದರೆ 100 ಆಂಪಿಯರ್-ಅವರ್‌ನದ್ದು 11ರಿಂದ 13 ಕೆಜಿ ಅಷ್ಟೇ. ಸೀಸದ್ದು ಕೆಲವು ನೂರು ಸಲ ಖಾಲಿ-ಭರ್ತಿ ತಾಳಿದರೆ ಇದು ಎರಡು ಸಾವಿರ ದಾಟುತ್ತದೆ. ಗಾಡಿಯ ಮಟ್ಟಿಗೆ ಇನ್ನೂ ದೊಡ್ಡ ಅನುಕೂಲ ಒಂದಿದೆ. ಸೀಸದ ಬ್ಯಾಟರಿ ಕೊನೆಯ ಇಪ್ಪತ್ತು ಭಾಗ ತುಂಬಿಕೊಳ್ಳಲು ಗಂಟೆಗಟ್ಟಲೆ ಸತಾಯಿಸುತ್ತದೆ, ಪೂರ್ತಿ ತುಂಬಲು ಆರೆಂಟು ಗಂಟೆ ಬೇಕು. ದಿನಕ್ಕೆ ಎರಡು ಮೂರು ಗಂಟೆ ಓಡುವ ಗಾಡಿಯಲ್ಲಿ ಅದು ಎಂದೂ ತುಂಬುವುದೇ ಇಲ್ಲ. ಅರೆಹೊಟ್ಟೆಯಲ್ಲಿ ಉಳಿದ ಫಲಕದ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಸಾಯುತ್ತದೆ. ಲಿಥಿಯಂಗೆ ಈ ಹಟ ಇಲ್ಲ. 30 ಆಂಪಿಯರ್ ಕೊಟ್ಟರೆ ಮೇಲಿನ 63ರ ಲೆಕ್ಕ ಎರಡೂಕಾಲು ಗಂಟೆ ಓಟದಲ್ಲಿ ವಾಪಸ್ ಬರುತ್ತದೆ. ಅರ್ಧ ತುಂಬಿ ಬಿಟ್ಟರೂ ಅದಕ್ಕೆ ಬೇಸರವಿಲ್ಲ. ಒಂದೇ ಎಚ್ಚರಿಕೆ ಎಂದರೆ ಬಿಎಂಎಸ್ ಎನ್ನುವ ಕಾವಲು ಸರ್ಕ್ಯೂಟ್ ಇಲ್ಲದ, ಹಳೆ ಎಲೆಕ್ಟ್ರಿಕ್ ಗಾಡಿಯಿಂದ ಬಿಚ್ಚಿದ ಸೆಲ್ ಕೂಡಿಸಿ ಕಟ್ಟಿಕೊಟ್ಟ ಅಗ್ಗದ ಪ್ಯಾಕನ್ನು ಮಲಗುವ ಜಾಗದಲ್ಲಿ ಇಡುವ ಧೈರ್ಯ ಯಾರೂ ಮಾಡಬಾರದು.

ನಡುವಿನ ಕೊಂಡಿ

ಎರಡು ಬ್ಯಾಟರಿ ತಂದಿಟ್ಟರೆ ಮುಗಿಯಲಿಲ್ಲ. ಎಂಜಿನ್ ಓಡುವಾಗ ಎರಡೂ ಚಾರ್ಜ್ ಆಗಬೇಕು, ನಿಂತಾಗ ಎರಡೂ ಬೇರೆಯಾಗಬೇಕು. ಇದನ್ನು ಮಾಡುವ ವಸ್ತು ಯಾವುದು ಎನ್ನುವುದರ ಮೇಲೆ ಇಡೀ ವ್ಯವಸ್ಥೆಯ ಹಣೆಬರಹ ನಿಂತಿದೆ.

ಹಳೆಯ ವಿಧಾನ ಕೈಯಿಂದ ತಿರುಗಿಸುವ ಸ್ವಿಚ್. ಅಗ್ಗ, ಕೆಡುವುದಿಲ್ಲ. ಆದರೆ ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಅದನ್ನು ತಿರುಗಿಸಲು ಮರೆತರೆ ಬೆಳಗ್ಗೆ ಎರಡೂ ಖಾಲಿ. ಮನುಷ್ಯ ಮರೆಯುತ್ತಾನೆ, ಅದರಲ್ಲೂ 300 ಕಿಲೋಮೀಟರ್ ಓಡಿಸಿ ಸುಸ್ತಾದವನು.

ಎರಡನೆಯದು ರಿಲೇ. ಕೀ ಆನ್ ಮಾಡಿದರೆ ಕೂಡುತ್ತದೆ, ಆಫ್ ಮಾಡಿದರೆ ಬಿಡುತ್ತದೆ. ನಮ್ಮಲ್ಲಿ ಆಟೊ ಎಲೆಕ್ಟ್ರಿಷಿಯನ್‌ಗಳು ಹೆಚ್ಚಾಗಿ ಮಾಡಿಕೊಡುವುದು ಇದನ್ನೇ. ಇದರಲ್ಲಿ ಒಂದು ಮೋಸವಿದೆ. ಕೀ ಆನ್ ಆದ ಕೂಡಲೇ ರಿಲೇ ಕೂಡಿದರೆ ಸ್ಟಾರ್ಟರ್ ತಿರುಗುವ ಹೊತ್ತಿನಲ್ಲಿ ಮನೆಯ ಬ್ಯಾಟರಿಯಿಂದಲೂ ನೂರಾರು ಆಂಪಿಯರ್ ಆ ಸಣ್ಣ ತಂತಿಯ ಮೂಲಕ ನುಗ್ಗುತ್ತದೆ. ಫ್ಯೂಸ್ ಇದ್ದರೆ ಹಾರುತ್ತದೆ. ಇಲ್ಲದಿದ್ದರೆ ತಂತಿ ಬೇಯುತ್ತದೆ. ಎಂಜಿನ್ ಓಡಲು ಶುರುವಾದ ಮೇಲೆ ಮಾತ್ರ ಕರೆಂಟ್ ಬರುವ ತಂತಿಯಿಂದಲೇ ರಿಲೇಗೆ ಸೂಚನೆ ಕೊಡಬೇಕು.

ಮೂರನೆಯದು ವೋಲ್ಟೇಜ್ ನೋಡಿ ತಾನೇ ಕೂಡುವ ರಿಲೇ. ಎಂಜಿನ್ ಬ್ಯಾಟರಿ ಸುಮಾರು 13.3 ವೋಲ್ಟ್ ಮುಟ್ಟಿದಾಗ ಕೂಡಿ, 12.8ಕ್ಕೆ ಇಳಿದಾಗ ಬಿಡುತ್ತದೆ. ಎರಡೂ ಸೀಸದ ಬ್ಯಾಟರಿ, ಗಾಡಿ ಹಳೆಯದು ಅಂದರೆ ಇಂದಿಗೂ ಇದು ಒಳ್ಳೆಯ, ಸರಳ ಉಪಾಯ. ಆದರೆ ಮನೆಯ ಕಡೆ ಲಿಥಿಯಂ ಹಾಕಿದರೆ ಇದರ ಲೆಕ್ಕ ತಪ್ಪುತ್ತದೆ. ತುಂಬಿದ ಲಿಥಿಯಂ ಬ್ಯಾಟರಿ ಸುಮ್ಮನೆ ಇದ್ದಾಗಲೇ 13.3 ವೋಲ್ಟ್ ತೋರಿಸುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ರಿಲೇಗೆ ‘ಇನ್ನೂ ಚಾರ್ಜ್ ಆಗ್ತಿದೆ’ ಅಂತ ಭ್ರಮೆ. ಅದು ಬಿಡುವುದೇ ಇಲ್ಲ. ಎರಡೂ ಬೇರೆ ಇವೆ ಅಂದುಕೊಂಡು ಮಲಗಿದವರಿಗೆ ಎರಡೂ ಒಂದೇ ಆಗಿದ್ದದ್ದು ತಿಳಿಯುವುದು ಬಹಳ ತಡವಾಗಿ.

ಇನ್ನೂ ಒಂದು ಅಪಾಯ ಆಲ್ಟರ್ನೇಟರ್‌ಗೆ. ಸೀಸದ ಬ್ಯಾಟರಿ ತುಂಬುತ್ತಾ ಹೋದಂತೆ ತಾನೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ. ಲಿಥಿಯಂ ಹಾಗಲ್ಲ, ಕೊಟ್ಟಷ್ಟನ್ನೂ ಬಹುತೇಕ ಕೊನೆಯವರೆಗೆ ನುಂಗುತ್ತದೆ. ನೇರವಾಗಿ ಜೋಡಿಸಿದರೆ ಆಲ್ಟರ್ನೇಟರ್ ತನ್ನ ಪೂರ್ತಿ ತಾಕತ್ತಿನಲ್ಲಿ ಗಂಟೆಗಟ್ಟಲೆ ದುಡಿಯಬೇಕು. ಗಾಡಿ ನಿಂತಲ್ಲೇ ಎಂಜಿನ್ ಓಡಿಸಿಟ್ಟರಂತೂ ಅದರ ಫ್ಯಾನು ನಿಧಾನವಾಗಿ ತಿರುಗುವುದರಿಂದ ತಂಪೂ ಸಿಗುವುದಿಲ್ಲ. ಒಳಗಿನ ಸುರುಳಿ, ಡಯೋಡ್ ಸುಟ್ಟುಹೋಗುತ್ತವೆ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ಗಾಡಿಗಳು ಬಂದ ಮೇಲೆ ಇನ್ನೊಂದು ತೊಡಕು ಸೇರಿಕೊಂಡಿದೆ. ಇಂಧನ ಉಳಿಸಲು ಹಲವು ಹೊಸ ಗಾಡಿಗಳಲ್ಲಿ ಆಲ್ಟರ್ನೇಟರ್‌ನ ವೋಲ್ಟೇಜನ್ನು ಕಂಪ್ಯೂಟರ್ ಏರಿಸಿ ಇಳಿಸುತ್ತದೆ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ 15 ವೋಲ್ಟ್ ಹತ್ತಿರ ಹೋಗುವುದು, ನೇರ ರಸ್ತೆಯಲ್ಲಿ 12.5ರ ಆಸುಪಾಸಿಗೆ ಇಳಿಯುವುದು ಇಂಥ ಗಾಡಿಯಲ್ಲಿ ಮಾಮೂಲು. ವೋಲ್ಟೇಜ್ ನೋಡುವ ರಿಲೇ ಇಲ್ಲಿ ಕೂಡುತ್ತಾ ಬಿಡುತ್ತಾ ತಬ್ಬಿಬ್ಬಾಗುತ್ತದೆ. ಇಡೀ ದಿನ ಓಡಿಸಿದರೂ ಮನೆಯ ಬ್ಯಾಟರಿ ಅರ್ಧವೂ ತುಂಬಿರುವುದಿಲ್ಲ. ತಮ್ಮ ಗಾಡಿ ಯಾವ ಜಾತಿಯದು ಅಂತ ತಿಳಿಯಲು ಸಿಗರೇಟ್ ಲೈಟರ್ ಸಾಕೆಟ್‌ಗೆ ಒಂದು ಸಣ್ಣ ವೋಲ್ಟ್‌ಮೀಟರ್ ಚುಚ್ಚಿ ಅರ್ಧ ಗಂಟೆ ಓಡಿಸಿ ನೋಡಿದರಾಯಿತು. 14ರ ಹತ್ತಿರ ಸ್ಥಿರವಾಗಿದ್ದರೆ ಹಳೆಯ ಪದ್ಧತಿ. ಮೇಲೆ ಕೆಳಗೆ ಕುಣಿಯುತ್ತಿದ್ದರೆ ಹೊಸದು.

ಈ ಮೂರೂ ತೊಂದರೆಗೆ ಒಂದೇ ಮದ್ದು ಡಿಸಿ-ಡಿಸಿ ಚಾರ್ಜರ್. ಒಳಗೆ ಬರುವ ವೋಲ್ಟೇಜ್ ಎಷ್ಟೇ ಇರಲಿ, ಮನೆಯ ಬ್ಯಾಟರಿಗೆ ಬೇಕಾದ 14.2ರಿಂದ 14.6 ವೋಲ್ಟನ್ನೇ ಕೊಡುತ್ತದೆ. 20 ಅಥವಾ 30 ಆಂಪಿಯರ್ ಅಂತ ಮಿತಿ ಹಾಕಿಕೊಂಡು ಆಲ್ಟರ್ನೇಟರ್ ಉಳಿಸುತ್ತದೆ. ಎಂಜಿನ್ ನಿಂತರೆ ಕೊಂಡಿ ಕಡಿದುಕೊಳ್ಳುತ್ತದೆ. ರಿಲೇಗಿಂತ ಬೆಲೆ ಹಲವು ಪಟ್ಟು ಜಾಸ್ತಿ, ಅದು ಹೌದು. ಆದರೆ ಬಿಎಸ್6 ಗಾಡಿ ಅಥವಾ ಲಿಥಿಯಂ ಬ್ಯಾಟರಿ, ಎರಡರಲ್ಲಿ ಒಂದಿದ್ದರೂ ರಿಲೇ ಮೇಲೆ ಹಾಕುವ ದುಡ್ಡು ದಂಡ. ಆಲ್ಟರ್ನೇಟರ್ ಮೇಲೆ ಬರೆದಿರುವ ಆಂಪಿಯರ್‌ನ ಮೂರನೇ ಒಂದು ಭಾಗದಷ್ಟರ ಚಾರ್ಜರ್ ತೆಗೆದುಕೊಂಡರೆ ಸುರಕ್ಷಿತ. 90 ಆಂಪಿಯರ್ ಆಲ್ಟರ್ನೇಟರ್ ಇದ್ದರೆ 30ರದ್ದು ಸಾಕು. ಕುಣಿಯುವ ವೋಲ್ಟೇಜಿನ ಗಾಡಿಯಲ್ಲಿ ಚಾರ್ಜರ್‌ಗೂ ಎಂಜಿನ್ ಓಡುತ್ತಿರುವ ಸೂಚನೆಯ ತಂತಿ ಪ್ರತ್ಯೇಕವಾಗಿ ಕೊಡಬೇಕು. ಹಾಗೆಯೇ ಇಂಥ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಒಂದು ಸಣ್ಣ ಸೆನ್ಸರ್ ಕೂತಿರುತ್ತದೆ. ಹೊಸ ನೆಗೆಟಿವ್ ತಂತಿಯನ್ನು ಆ ಟರ್ಮಿನಲ್‌ಗೇ ಬಿಗಿದರೆ ಸೆನ್ಸರ್ ಲೆಕ್ಕ ತಪ್ಪುತ್ತದೆ. ಚಾಸಿಯ ಕಡೆಗೆ ಬಿಗಿಯಬೇಕು.

ತಂತಿ ಮತ್ತು ಫ್ಯೂಸ್

ಬೆಂಕಿ ಹೊತ್ತಿಕೊಳ್ಳುವುದು ಬ್ಯಾಟರಿಯಲ್ಲಲ್ಲ, ಹೆಚ್ಚಾಗಿ ತಂತಿಯಲ್ಲಿ. ಮನೆ ವೈರಿಂಗಿಗೆ ಬಳಸುವ 4 ಸ್ಕ್ವೇರ್ ಎಂಎಂ ತಂತಿ ಗೀಸರ್, ಏಸಿ ಎಲ್ಲ ಹೊರುತ್ತದಲ್ಲ, ಇಲ್ಲಿ ಯಾಕೆ ಸಾಲದು ಎನ್ನುವ ಮಾತು ಗ್ಯಾರೇಜಿನಲ್ಲಿ ಕೇಳಿಬರುತ್ತದೆ. ಮನೆಯಲ್ಲಿ 230 ವೋಲ್ಟ್. 2000 ವ್ಯಾಟಿನ ಗೀಸರ್‌ಗೆ 9 ಆಂಪಿಯರ್ ಸಾಕು. 12 ವೋಲ್ಟಿನಲ್ಲಿ ಅದೇ ಶಕ್ತಿಗೆ 160 ಆಂಪಿಯರ್ ಮೀರಿ ಬೇಕು. ತಂತಿಗೆ ಗೊತ್ತಿರುವುದು ಆಂಪಿಯರ್ ಮಾತ್ರ.

30 ಆಂಪಿಯರ್ ಹೊರಗೆ ಕೊಡುವ ಚಾರ್ಜರ್, ಎಂಜಿನ್ ಕಡೆಯಿಂದ 40 ಆಂಪಿಯರ್ ಹತ್ತಿರ ಎಳೆಯುತ್ತದೆ. ಬಾನೆಟ್‌ನಿಂದ ಹಿಂದಿನ ಬಾಡಿಗೆ 5 ಮೀಟರ್ ದೂರ, ಹೋಗಿ ಬರುವುದು 10 ಮೀಟರ್ ಎಂದಿಟ್ಟುಕೊಂಡರೆ 4 ಸ್ಕ್ವೇರ್ ಎಂಎಂ ತಾಮ್ರದ ತಂತಿಯಲ್ಲಿ 1.75 ವೋಲ್ಟ್ ದಾರಿಯಲ್ಲೇ ಮಾಯ. ಮಾಯವಾದದ್ದು ಎಲ್ಲಿ ಹೋಯಿತು ಎಂದರೆ 70 ವ್ಯಾಟ್ ಶಾಖವಾಗಿ ತಂತಿಯಲ್ಲೇ ಕೂತಿದೆ, ಹಳೆ ಕಾಲದ ಬಲ್ಬ್ ಒಂದನ್ನು ಪ್ಲಾಸ್ಟಿಕ್ ಪೈಪಿನಲ್ಲಿ ಸುತ್ತಿಟ್ಟ ಹಾಗೆ. 10 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 0.7 ವೋಲ್ಟ್. 16 ಹಾಕಿದರೆ 0.44. ಇಷ್ಟು ದೂರಕ್ಕೆ 16ರದ್ದೇ ಸರಿ. ಅಲ್ಯೂಮಿನಿಯಂಗೆ ತಾಮ್ರದ ಬಣ್ಣ ಬಳಿದ ಅಗ್ಗದ ತಂತಿ ಪೇಟೆಯಲ್ಲಿದೆ. ತುದಿ ಚೂರಿಯಿಂದ ಕೆರೆದು ನೋಡಿದರೆ ಬೆಳ್ಳಗೆ ಕಾಣುತ್ತದೆ, ಅದನ್ನು ಬಿಟ್ಟುಬಿಡಬೇಕು.

ಫ್ಯೂಸ್ ಇರುವುದು ಫ್ರಿಜ್ಜನ್ನೋ ಚಾರ್ಜರನ್ನೋ ಕಾಯಲಿಕ್ಕಲ್ಲ, ತಂತಿಯನ್ನು ಕಾಯಲಿಕ್ಕೆ. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ಪ್ರತಿ ತಂತಿಗೂ ಒಂದು ಗೇಣಿನೊಳಗೆ ಫ್ಯೂಸ್ ಬೇಕು. ಎರಡು ಬ್ಯಾಟರಿ ನಡುವಿನ ತಂತಿಗೆ ಎರಡೂ ತುದಿಯಲ್ಲಿ ಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ತಂತಿ ನಡುವೆ ಎಲ್ಲೋ ಚಾಸಿಗೆ ಉಜ್ಜಿ ಸಿಪ್ಪೆ ಹರಿದರೆ ಕರೆಂಟ್ ಎರಡೂ ಕಡೆಯಿಂದ ನುಗ್ಗುತ್ತದೆ, ಮುಂದಿನ ಫ್ಯೂಸ್ ಹಾರಿದರೂ ಹಿಂದಿನ ಬ್ಯಾಟರಿ ಸುಡುತ್ತಲೇ ಇರುತ್ತದೆ. ಶಾರ್ಟ್ ಆದ ಬ್ಯಾಟರಿ ಸಾವಿರ ಆಂಪಿಯರ್ ಮೀರಿ ಎಸೆಯಬಲ್ಲದು. ಸ್ಪ್ಯಾನರ್ ಕೈತಪ್ಪಿ ಎರಡು ಟರ್ಮಿನಲ್ ಮೇಲೆ ಬಿದ್ದದ್ದನ್ನು ನೋಡಿದ ಮೆಕ್ಯಾನಿಕ್‌ಗೆ ಇದನ್ನು ವಿವರಿಸಬೇಕಿಲ್ಲ. ಮೇಲಿನ 16 ಸ್ಕ್ವೇರ್ ಎಂಎಂ ತಂತಿಗೆ 60 ಆಂಪಿಯರ್ ಫ್ಯೂಸ್ ಹೊಂದುತ್ತದೆ. ಫ್ಯೂಸ್ ಪದೇ ಪದೇ ಹಾರುತ್ತಿದೆ ಅಂತ ದೊಡ್ಡದು ಹಾಕುವುದು, ಬೆಳ್ಳಿ ಹಾಳೆ ಸುತ್ತುವುದು ಬೆಂಕಿಗೆ ಆಹ್ವಾನ.

ಮನೆಯ ಎಂಸಿಬಿ ಇಲ್ಲಿ ನಂಬಿಕೆಗೆ ಬಾರದು. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಎಂಸಿಬಿ ಬಿಡುವಾಗ ಹುಟ್ಟುವ ಕಿಡಿ ತಾನೇ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಎಳೆದುಕೊಂಡೇ ನಿಲ್ಲಬಹುದು. ಡಿಸಿ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೇಳಿ ಪಡೆಯಬೇಕು.

ತಂತಿಯ ತುದಿಗೆ ಲಗ್ ಹಾಕುವಾಗ ಸುತ್ತಿಗೆಯಿಂದ ಜಜ್ಜುವುದಲ್ಲ, ಹೈಡ್ರಾಲಿಕ್ ಕ್ರಿಂಪರ್‌ನಿಂದ ಒತ್ತಿಸಬೇಕು. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಬುಷ್, ಉದ್ದಕ್ಕೂ ಕಾಂಡ್ಯೂಟ್ ಪೈಪ್, ಸೈಲೆನ್ಸರ್‌ನಿಂದ ದೂರ. ನಮ್ಮ ರಸ್ತೆಗಳ ಹೊಂಡಕ್ಕೆ ಆರು ತಿಂಗಳಲ್ಲಿ ಯಾವ ನಟ್ಟಾದರೂ ಸಡಿಲವಾಗುತ್ತದೆ. ಇಲಿಗಳ ಕಾಟ ಬೇರೆ. ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ತಂತಿಯನ್ನು ಹೊರಡುವ ಮುಂಚೆ ಟಾರ್ಚ್ ಹಿಡಿದು ಒಮ್ಮೆ ನೋಡುವುದು ಒಳ್ಳೆಯದು.

ಕೂರಿಸುವ ಜಾಗ

ಲಿಥಿಯಂ ಬ್ಯಾಟರಿ ಬಾನೆಟ್ ಒಳಗೆ ಬೇಡ, ಅಲ್ಲಿನ ಶಾಖ ಅದಕ್ಕೆ ಆಗಿಬರುವುದಿಲ್ಲ. ಹಿಂದಿನ ಬಾಡಿಯಲ್ಲಿ, ನೆಲಮಟ್ಟದಲ್ಲಿ, ಎರಡು ಚಕ್ರದ ನಡುವೆ ಇದ್ದರೆ ತೂಕವೂ ಸಮ. ಬ್ಯಾಟರಿಯ ಟ್ರೇಯನ್ನು ಪ್ಲೈವುಡ್‌ಗೆ ಸ್ಕ್ರೂ ಹೊಡೆದು ಬಿಟ್ಟರೆ ಸಾಲದು, ಚಾಸಿಗೆ ಅಥವಾ ಬಾಡಿಯ ಚೌಕಟ್ಟಿಗೆ ಬೋಲ್ಟ್ ಮಾಡಿ ಮೇಲೆ ಪಟ್ಟಿ ಬಿಗಿಯಬೇಕು. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಅದು ಹಾರಿ ಬರುವುದು ಚಾಲಕನ ಬೆನ್ನಿಗೇ. ಬಾಡಿ ಕಟ್ಟಿಸುವಾಗ ವೆಲ್ಡಿಂಗ್ ಇದ್ದರೆ ಎರಡೂ ಬ್ಯಾಟರಿಯ ತಂತಿ ಬಿಚ್ಚಿಸಿ, ಚಾರ್ಜರ್ ಮತ್ತು ಎಂಜಿನ್ನಿನ ಕಂಪ್ಯೂಟರ್‌ನ ಸಾಕೆಟ್ ತೆಗೆಸಬೇಕು. ‘ಏನೂ ಆಗಲ್ಲ ಸಾರ್’ ಅಂದ ಮಾತನ್ನು ನಂಬಿ ಕಂಪ್ಯೂಟರ್ ಸುಟ್ಟರೆ ಖರ್ಚು ಎರಡನೇ ಬ್ಯಾಟರಿಗಿಂತ ಜಾಸ್ತಿ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್.

ಸೋಲಾರ್, ಇನ್ವರ್ಟರ್, ಚಳಿ

ಗಾಡಿ ಎರಡು ಮೂರು ದಿನ ಒಂದೇ ಕಡೆ ನಿಲ್ಲುವುದಾದರೆ ಮೇಲೆ ಸೋಲಾರ್ ಇರಲಿ. 100 ವ್ಯಾಟಿನ ಪ್ಯಾನಲ್ ಒಳ್ಳೆಯ ಬಿಸಿಲಿನ ದಿನ 25ರಿಂದ 30 ಆಂಪಿಯರ್-ಅವರ್ ಕೊಡುತ್ತದೆ. ಮಲೆನಾಡಿನ ಜುಲೈ ಮಳೆಯಲ್ಲಿ ಅದರ ಕಾಲುಭಾಗ ಬಂದರೂ ಪುಣ್ಯ. ನೀರಿನ ಟ್ಯಾಂಕ್ ನೆರಳು ಪ್ಯಾನಲ್‌ನ ಒಂದು ಮೂಲೆಗೆ ಬಿದ್ದರೂ ಇಡೀ ಪ್ಯಾನಲ್ ಸೊರಗುತ್ತದೆ ಎನ್ನುವುದನ್ನು ಬಾಡಿ ಕಟ್ಟುವವರಿಗೆ ಮೊದಲೇ ಹೇಳಬೇಕು.

ಇನ್ವರ್ಟರ್ ಹಾಕಿ ಮಿಕ್ಸಿ ಓಡಿಸುವ ಆಸೆ ಸಂಚಾರಿ ಕ್ಯಾಂಟೀನ್‌ನವರಿಗೆ ಸಹಜ. 750 ವ್ಯಾಟಿನ ಮಿಕ್ಸಿ ನಷ್ಟವೂ ಸೇರಿ 70 ಆಂಪಿಯರ್ ಮೀರಿ ಎಳೆಯುತ್ತದೆ. ಚಟ್ನಿಗೆ ಐದು ನಿಮಿಷ ಅಂದರೆ ತೊಂದರೆಯಿಲ್ಲ. ಇಂಡಕ್ಷನ್ ಒಲೆ 2000 ವ್ಯಾಟ್, 190 ಆಂಪಿಯರ್. 100ರ ಬ್ಯಾಟರಿಯ ಮೇಲೆ ಅದನ್ನು ಹೊರಿಸುವ ಯೋಚನೆ ಬಿಡುವುದೇ ಲೇಸು. ಗ್ಯಾಸ್ ಸಾಕು.

ಕರ್ನಾಟಕದಿಂದ ಲಡಾಖ್ ಕಡೆಗೆ ಗಾಡಿ ತೆಗೆದುಕೊಂಡು ಹೋಗುವವರು ಈಗ ಕಡಿಮೆಯೇನಿಲ್ಲ. ಅಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಲಿಥಿಯಂ ಬ್ಯಾಟರಿಯಿಂದ ಕರೆಂಟ್ ತೆಗೆಯಬಹುದು, ಒಳಗೆ ತುಂಬಬಾರದು. ತುಂಬಿದರೆ ಒಳಗೆ ಲೋಹ ಕಟ್ಟಿಕೊಂಡು ಶಾಶ್ವತವಾಗಿ ಕೆಡುತ್ತದೆ. ಒಳ್ಳೆಯ ಬಿಎಂಎಸ್ ತಾನೇ ತಡೆಯುತ್ತದೆ, ಕೊಳ್ಳುವಾಗಲೇ ಕೇಳಬೇಕು. ಬೆಳಗ್ಗೆ ಹೊರಟ ಕೂಡಲೇ ಚಾರ್ಜ್ ಆಗುತ್ತಿಲ್ಲ ಅಂತ ಗಾಬರಿ ಬೇಡ, ಬ್ಯಾಟರಿ ಬೆಚ್ಚಗಾದ ಮೇಲೆ ಶುರುವಾಗುತ್ತದೆ. ಸೀಸದ ಎಂಜಿನ್ ಬ್ಯಾಟರಿಯೂ ಚಳಿಯಲ್ಲಿ ಅರ್ಧ ಸೋತಿರುತ್ತದೆ. ಆ ಹೊತ್ತಿಗೆ ಮನೆಯ ಬ್ಯಾಟರಿಯಿಂದ ಸ್ಟಾರ್ಟ್ ಮಾಡೋಣ ಎಂದು ನೇರ ಜೋಡಿಸಿದರೆ ಲಿಥಿಯಂನ ಬಿಎಂಎಸ್ ಅಷ್ಟು ಆಂಪಿಯರ್ ಕೊಡದೆ ಕಡಿದುಕೊಳ್ಳಬಹುದು. ಫ್ಯೂಸ್ ಇರುವ ಕೇಬಲ್ಲಿನಲ್ಲಿ ಇಪ್ಪತ್ತು ನಿಮಿಷ ಎಂಜಿನ್ ಬ್ಯಾಟರಿಗೆ ತುಂಬಲು ಬಿಟ್ಟು, ಕೊಂಡಿ ಬಿಚ್ಚಿ, ಆಮೇಲೆ ಕೀ ತಿರುಗಿಸಬೇಕು.

ಆರ್‌ಟಿಒ ಮತ್ತು ವಿಮೆ

ಬ್ಯಾಟರಿ ಒಂದು ಹೆಚ್ಚಾಯಿತು ಎನ್ನುವುದಕ್ಕಿಂತ ಸರಕು ಗಾಡಿಯ ಬಾಡಿಯನ್ನೇ ಮಲಗುವ ಮನೆಯಾಗಿ ಮಾಡುವುದು ಕಾನೂನಿನ ಕಣ್ಣಿಗೆ ದೊಡ್ಡ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಎಂದಿದೆ, ಎರಡೂ ಆಗಬಹುದು. ಬಾಡಿ ಕೆಲಸ ಶುರು ಮಾಡುವ ಮುಂಚೆಯೇ ಆರ್‌ಟಿಒ ಕಚೇರಿಗೆ ಹೋಗಿ ಕೇಳುವುದು ಜಾಣತನ. ವಿಮಾ ಕಂಪನಿಗೂ ಬರೆದು ತಿಳಿಸಬೇಕು. ಗಾಡಿ ಸುಟ್ಟ ಮೇಲೆ ಸರ್ವೇಯರ್ ಮೊದಲು ಹುಡುಕುವುದು ಹೊರಗಿನಿಂದ ಹಾಕಿಸಿದ ತಂತಿಯನ್ನೇ. ವಾರಂಟಿ ಇರುವ ಗಾಡಿಯ ಮೂಲ ವೈರಿಂಗನ್ನು ಎಲ್ಲೂ ಕತ್ತರಿಸದೆ, ಬ್ಯಾಟರಿಯಿಂದಲೇ ನೇರ ಪ್ರತ್ಯೇಕ ತಂತಿ ತರಿಸುವುದು ಇದೇ ಕಾರಣಕ್ಕೆ.

ದುಡ್ಡು ಕೊಡುವ ಮುಂಚೆ

ಕೆಲಸ ಮುಗಿಯಿತು ಎಂದ ಮೇಲೆ ಮಲ್ಟಿಮೀಟರ್ ಹಿಡಿದು ಹತ್ತು ನಿಮಿಷ ಅಲ್ಲೇ ನಿಲ್ಲಬೇಕು. ಎಂಜಿನ್ ನಿಂತಾಗ ಸೀಸದ ಎಂಜಿನ್ ಬ್ಯಾಟರಿ 12.6 ಆಸುಪಾಸು ಇರಬೇಕು, 12.2 ಎಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಮನೆಯ ಬ್ಯಾಟರಿಯ ವೋಲ್ಟೇಜ್ ಏರಬೇಕು. ಎಂಜಿನ್ ನಿಲ್ಲಿಸಿ, ಫ್ಯಾನು ಲೈಟು ಎಲ್ಲ ಹಾಕಿ, ಎಂಜಿನ್ ಬ್ಯಾಟರಿಯ ಮೇಲೆ ಮೀಟರ್ ಇಟ್ಟರೆ ಅರ್ಧ ಗಂಟೆಯಾದರೂ ಅದು ಇಳಿಯುತ್ತಾ ಹೋಗಬಾರದು. ಇಳಿಯುತ್ತಿದ್ದರೆ ಎರಡೂ ಎಲ್ಲೋ ಇನ್ನೂ ಕೂಡಿವೆ ಎಂದರ್ಥ, ವಾಪಸ್ ಬಿಚ್ಚಿಸಿ ನೋಡಿಸಬೇಕು.

ಕೊನೆಯ ಪರೀಕ್ಷೆಗೆ ಮೀಟರೂ ಬೇಡ. ಅರ್ಧ ಗಂಟೆ ಓಡಿಸಿ ಬಂದು ಎಂಜಿನ್ ಆಫ್ ಮಾಡಿ, ಫ್ಯೂಸ್ ಹೋಲ್ಡರ್, ಲಗ್, ತಂತಿಯನ್ನು ಉದ್ದಕ್ಕೂ ಕೈಯಿಂದ ಮುಟ್ಟಿ ನೋಡಬೇಕು. ಉಗುರುಬೆಚ್ಚಗೆ ಇದ್ದರೆ ಸರಿ. ಒಂದು ಕಡೆ ಮಾತ್ರ ಕೈ ಇಡಲಾಗದಷ್ಟು ಬಿಸಿ ಇದ್ದರೆ ಅಲ್ಲಿ ಜೋಡಣೆ ಸಡಿಲ, ಅದನ್ನು ಬಿಗಿಸಿದ ಮೇಲೇ ಗಾಡಿ ಗ್ಯಾರೇಜಿನಿಂದ ಹೊರಗೆ. ಮತ್ತೆ ಒಂದು ತಿಂಗಳಾದ ಮೇಲೆ, ಒಂದು ಸಾವಿರ ಕಿಲೋಮೀಟರ್ ಓಡಿದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಬೇಕು.